ಜ್ವರದ ರಿಪೋರ್ಟ್ ಬಿಡಿಸಿ ಹೇಳುವ ಲ್ಯಾಬ್: ಮಂಗಳೂರಿನ ಬೆಂದೂರ್‌ವೆಲ್ ಕಡೆಯ ಒಂದು ರಿವ್ಯೂ

ನಾಲ್ಕೂವರೆ ಸ್ಟಾರ್. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಮೆಟ್ಟಿಲಿಗೆ. ಲಿಫ್ಟ್ ಇಲ್ಲದ ಹಳೇ ಕಟ್ಟಡ, ಎರಡನೇ ಮಹಡಿ. ಮಳೆಗಾಲದಲ್ಲಿ ಎಲ್ಲರ ಕೊಡೆಯಿಂದ ಸೋರಿದ ನೀರು ಮೆಟ್ಟಿಲ ತುಂಬ. 103 ಡಿಗ್ರಿ ಜ್ವರ ಇರುವ ಹುಡುಗಿಯನ್ನು ಹಿಡಿದುಕೊಂಡು ಅದನ್ನು ಹತ್ತುವುದು ಸಣ್ಣ ಕೆಲಸ ಅಲ್ಲ ಮಾರಾಯ್ರೇ.

ಲ್ಯಾಬಿನ ಹೆಸರು ಬರೆಯುವುದಿಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ಈಗಲೇ ಕೂರಲು ಜಾಗ ಇರುವುದಿಲ್ಲ, ಇನ್ನೂ ಜನ ಬಂದರೆ ನನಗೇ ಕಷ್ಟ. ಬೆಂದೂರ್‌ವೆಲ್ ಸುತ್ತಮುತ್ತ ಇರುವವರಿಗೆ ಓದುತ್ತಿದ್ದಂತೆ ಯಾವುದು ಅಂತ ಗೊತ್ತಾಗುತ್ತದೆ. ಬೇರೆಯವರು ನಿಮ್ಮ ಬೀದಿಯ ಲ್ಯಾಬ್ ಈ ಥರ ಉಂಟಾ ಅಂತ ನೋಡಿಕೊಳ್ಳಿ. ಇಷ್ಟುದ್ದ ಬರೆಯುವುದೇ ಅದಕ್ಕೆ.

ನಾನು ಹೆಣ್ಣುಮಕ್ಕಳ ಪಿಜಿ ನಡೆಸುತ್ತೇನೆ. ಫಿಸಿಯೋಥೆರಪಿ, ಎಂಜಿನಿಯರಿಂಗ್, ಬಿಕಾಂ ಜೊತೆ ಸಿಎ, ಹೀಗೆ ಎಲ್ಲ ಥರದವರು ಇದ್ದಾರೆ. ಅರ್ಧಕ್ಕರ್ಧ ಜನ ಘಟ್ಟದ ಮೇಲಿನವರು. ಹುಬ್ಬಳ್ಳಿ, ದಾವಣಗೆರೆ, ಹಾಸನ. ಜೂನ್ ಮಳೆ ಹಿಡಿಯಿತೆಂದರೆ ಒಬ್ಬಳಲ್ಲ ಒಬ್ಬಳು ಜ್ವರ ಅಂತ ಮಲಗುತ್ತಾಳೆ. ಕುಚ್ಚಲಕ್ಕಿ ಗಂಜಿ ಬೇಯಿಸುವುದು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು, ರಕ್ತ ಕೊಡಿಸುವುದು, ಊರಿನ ಅಪ್ಪ ಅಮ್ಮನಿಗೆ ಫೋನಿನಲ್ಲಿ ಧೈರ್ಯ ಹೇಳುವುದು, ಎಲ್ಲ ನನ್ನ ಪಾಲಿಗೆ. ಹೀಗಾಗಿ ಜ್ವರದ ರಿಪೋರ್ಟ್ ನೋಡಿ ನೋಡಿ ಸ್ವಲ್ಪ ಅಭ್ಯಾಸ ಆಗಿದೆ. ನಾನು ಡಾಕ್ಟರಲ್ಲ. ಔಷಧಿ ಹೇಳುವುದಿಲ್ಲ. ರಿಪೋರ್ಟ್ ನೋಡಿ ಯಾವಾಗ ಹೆದರಬೇಕು, ಯಾವಾಗ ಬೇಡ ಅಂತ ಇಲ್ಲಿಯ ಡಾಕ್ಟರ್‌ಗಳ ಬಾಯಲ್ಲಿ ಕೇಳಿ ತಿಳಿದಿದ್ದನ್ನೇ ಬರೆಯುತ್ತಿದ್ದೇನೆ.

ಈ ಲ್ಯಾಬ್ ನನಗೆ ಹಿಡಿಸಿದ್ದು ಕೌಂಟರಿನಲ್ಲಿ ಕೇಳುವ ಒಂದು ಪ್ರಶ್ನೆಗೆ. ಹೆಸರು, ಪ್ರಾಯ, ಡಾಕ್ಟರ್ ಚೀಟಿ, ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಇವರು ಆಮೇಲೆ "ಜ್ವರ ಶುರುವಾದದ್ದು ಯಾವಾಗ? ನಿನ್ನೆ ರಾತ್ರಿಯಾ, ಮೊನ್ನೆಯಾ?" ಅಂತ ಕೇಳುತ್ತಾರೆ. "ಎರಡು ಮೂರು ದಿನ ಆಯ್ತು" ಅಂದರೆ ಬಿಡುವುದಿಲ್ಲ. "ಸರಿಯಾಗಿ ನೆನಪು ಮಾಡಿ, ಕಾಲೇಜಿಗೆ ಹೋದ ದಿನವಾ, ರಜೆಯ ದಿನವಾ?" ಅಂತ ಕೆದಕುತ್ತಾರೆ. ರಿಪೋರ್ಟಿನ ಮೇಲೆ ಪೆನ್ನಿನಲ್ಲಿ "ಜ್ವರದ 3ನೇ ದಿನ" ಅಂತ ಬರೆದಿರುತ್ತದೆ. ನೋಡಲು ಸಣ್ಣ ವಿಷಯ. ಆದರೆ ಈ ಒಂದು ಸಾಲು ಇಲ್ಲದಿದ್ದರೆ ಕೆಳಗೆ ಇರುವ ಅಂಕಿಗಳಲ್ಲಿ ಅರ್ಧದಷ್ಟು ಏನೂ ಹೇಳುವುದಿಲ್ಲ.

ಡೆಂಗೆಯನ್ನೇ ತೆಗೆದುಕೊಳ್ಳಿ. ಎನ್‌ಎಸ್1 ಅನ್ನುವುದು ವೈರಸ್ಸಿನದೇ ಒಂದು ಪ್ರೋಟೀನ್. ಅದು ಸಿಗುವುದು ಜ್ವರದ ಮೊದಲ ನಾಲ್ಕೈದು ದಿನ. ಐಜಿಎಂ ನಮ್ಮ ದೇಹ ತಯಾರು ಮಾಡುವ ಪ್ರತಿಕಾಯ. ಅದು ಕಾಣಿಸಿಕೊಳ್ಳುವುದೇ ಹೆಚ್ಚುಕಡಿಮೆ ಐದನೇ ದಿನದಿಂದ. ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂತು ಅಂತ ಖುಷಿಪಟ್ಟರೆ ಪ್ರಯೋಜನ ಇಲ್ಲ. ಏಳನೇ ದಿನ ಎನ್‌ಎಸ್1 ಮಾತ್ರ ಮಾಡಿಸಿ ಡೆಂಗೆ ಅಲ್ಲ ಅಂತ ತೀರ್ಮಾನ ಮಾಡಿದರೂ ಅಷ್ಟೇ. ಇನ್ನು ಬರೀ ಐಜಿಜಿ (ತಡವಾಗಿ ಬಂದು ವರ್ಷಗಟ್ಟಲೆ ಉಳಿಯುವ ಇನ್ನೊಂದು ಪ್ರತಿಕಾಯ) ಪಾಸಿಟಿವ್ ಬಂದರೆ ಹಿಂದೆ ಯಾವತ್ತೋ ಡೆಂಗೆ ಆಗಿರಬಹುದು, ಈಗಿನ ಜ್ವರಕ್ಕೆ ಅದೇ ಕಾರಣ ಅಂತ ಅದೊಂದರಿಂದಲೇ ಹೇಳಲು ಬರುವುದಿಲ್ಲ. ನಮ್ಮಲ್ಲಿ ಒಬ್ಬಳು ಆರನೇ ದಿನ ಇಲ್ಲಿಗೆ ಬಂದು ಎನ್‌ಎಸ್1 ಕೇಳಿದಳು. "ಇವತ್ತಿಗೆ ಅದೊಂದು ಮಾಡಿಸಿದರೆ ಸಾಕಾಗುವುದಿಲ್ಲ, ಐಜಿಎಂ ಬೇಕಾಗಬಹುದು. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ" ಅಂತ ಕೌಂಟರಿನಿಂದಲೇ ಹೇಳಿದರು. ಸುಮ್ನೆ ದುಡ್ಡು ತಗೊಂಡು ಮಾಡಿಕೊಡಬಹುದಿತ್ತು, ಅಲ್ವಾ?

ಡೆಂಗೆ ಪರೀಕ್ಷೆ ಎರಡು ಥರ. ಕಾರ್ಡಿನಲ್ಲಿ, ಅಂದರೆ ಹನಿ ಹಾಕಿ ನೋಡುವ ದಿಢೀರ್ ಪರೀಕ್ಷೆಯಲ್ಲಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಬರುತ್ತದೆ. ಎಲಿಸಾ ಅನ್ನುವ ಲ್ಯಾಬ್ ಪರೀಕ್ಷೆಗೆ ಸಮಯ ಹಿಡಿಯುತ್ತದೆ, ಆದರೆ ಅದನ್ನು ಹೆಚ್ಚು ನಂಬಬಹುದು. ಸರ್ಕಾರವೂ ಡೆಂಗೆ ಅಂತ ಖಚಿತ ಮಾಡಲು ಎಲಿಸಾವನ್ನೇ ಕೇಳುತ್ತದೆ. ರೇಟಿನ ವಿಷಯ: 2024ರ ಜುಲೈಯಲ್ಲಿ ಡೆಂಗೆ ಜೋರಾಗಿದ್ದಾಗ ಕರ್ನಾಟಕ ಸರ್ಕಾರ ಖಾಸಗಿಯವರಿಗೆ ಮಿತಿ ಹಾಕಿತು. ಎನ್‌ಎಸ್1 ಎಲಿಸಾಗೆ 300, ಐಜಿಎಂ ಎಲಿಸಾಗೆ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ. ಈ ಲ್ಯಾಬಿನವರು ಆ ಆದೇಶದ ಪ್ರತಿಯನ್ನು ಗೋಡೆಗೆ ಅಂಟಿಸಿದ್ದರು. ಪಕ್ಕದಲ್ಲೇ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ನಡೆಸುವ ಹೊರಗಿನ ಗುಣಮಟ್ಟ ಪರೀಕ್ಷೆಯ ಸರ್ಟಿಫಿಕೇಟ್ ಉಂಟು. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇವರಿಗೆ ಇಲ್ಲ. ಅದು ಬೇಕೇ ಬೇಕು ಅನ್ನುವವರು ದೊಡ್ಡ ಲ್ಯಾಬಿಗೆ ಹೋಗಬೇಕು.

ರಕ್ತ ತೆಗೆಯುವ ಹುಡುಗಿಯ ಕೈ ಹಗುರ. ನನಗೆ ನೋಡಲು ಇಷ್ಟ ಆಗುವುದು ಆಮೇಲಿನ ಕೆಲಸ. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಬಿದ್ದ ಕೂಡಲೇ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಿಡುವುದಿಲ್ಲ. ಬೆರಳುಗಳ ನಡುವೆ ಹಿಡಿದು ಮೆಲ್ಲ ತಲೆಕೆಳಗೆ ಮಾಡುತ್ತಾಳೆ, ಮತ್ತೆ ನೆಟ್ಟಗೆ, ಮತ್ತೆ ತಲೆಕೆಳಗೆ. ಗಡಗಡ ಅಲ್ಲಾಡಿಸುವುದಿಲ್ಲ. ಒಳಗಿನ ಗುಳ್ಳೆ ಆ ತುದಿಯಿಂದ ಈ ತುದಿಗೆ ಹೋಗಿ ಬರುವಷ್ಟು ನಿಧಾನ. ಆ ಟ್ಯೂಬಿನೊಳಗೆ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯಲು. ಸರಿಯಾಗಿ ಬೆರೆಯದಿದ್ದರೆ ಸಣ್ಣ ಹೆಪ್ಪು ಆಗುತ್ತದೆ. ಆ ಹೆಪ್ಪಿನೊಳಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದ ಹಾಗೆ ತಡೆಯುವ ಸಣ್ಣ ಕಣ, ಸಿಕ್ಕಿಹಾಕಿಕೊಳ್ಳುತ್ತದೆ, ಮಶೀನಿನ ಲೆಕ್ಕಕ್ಕೆ ಬರುವುದಿಲ್ಲ. ಆಗ ಇಲ್ಲದ ಕೊರತೆ ರಿಪೋರ್ಟಿನಲ್ಲಿ ಕಾಣುತ್ತದೆ.

ಪ್ಲೇಟ್‌ಲೆಟ್ ವಿಷಯಕ್ಕೆ ಬಂದೆ. ಜ್ವರ ಅಂದರೆ ನಮ್ಮ ಜನರಿಗೆ ಈಗ ಇದೊಂದೇ ಅಂಕಿ. ಹುಬ್ಬಳ್ಳಿಯ ಒಬ್ಬಳ ತಾಯಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳಲು ಶುರು ಮಾಡಿದರು. "ಅಕ್ಕಾರ, ಮಗಳು ರಿಪೋರ್ಟ್ ಕಳಿಸ್ಯಾಳ್ರಿ. ಒಂದೂವರೆ ಲಕ್ಷ ಇರಬೇಕಂತ, ಬರೇ ತೊಂಬತ್ತೆಂಟು ಐತಲ್ರೀ!" 98 ಅಲ್ಲ ಅಮ್ಮ, 98 ಸಾವಿರ ಅಂತ ಹೇಳಿ ಸಮಾಧಾನ ಮಾಡಲು ನನಗೆ ಸಾಕುಸಾಕಾಯಿತು. ಅದು ಈ ಲ್ಯಾಬಿನ ರಿಪೋರ್ಟ್ ಅಲ್ಲ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಕಂಪನಿಯದ್ದು. ಅವರು ಸಾವಿರದ ಲೆಕ್ಕದಲ್ಲಿ 98 ಅಂತ ಹಾಕುತ್ತಾರೆ. ಇನ್ನೊಬ್ಬರು ಲಕ್ಷದ ಲೆಕ್ಕದಲ್ಲಿ 0.98 ಅಂತ ಹಾಕುತ್ತಾರೆ. ಮತ್ತೊಬ್ಬರು ಪೂರ್ತಿ 98,000 ಅಂತ ಬರೆಯುತ್ತಾರೆ. ಮೂರೂ ಒಂದೇ. ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಲೆಕ್ಕ ಅಂತ ಇರುತ್ತದೆ, ಅದನ್ನು ಮೊದಲು ನೋಡಬೇಕು. ನಮ್ಮ ಲ್ಯಾಬಿನವರು ಪೂರ್ತಿ ಸೊನ್ನೆಗಳನ್ನು ಹಾಕುತ್ತಾರೆ. ಇದಕ್ಕೇ ಒಂದು ಸ್ಟಾರ್ ಕೊಡಬಹುದು.

ಮಾಮೂಲಿ ಮಟ್ಟ 1.5 ಲಕ್ಷದಿಂದ 4.5 ಲಕ್ಷ. ಅದಕ್ಕಿಂತ ಕೆಳಗೆ ಬಂದ ಕೂಡಲೇ ಪ್ಲೇಟ್‌ಲೆಟ್ ಏರಿಸಬೇಕು, ರಕ್ತ ಕೊಡುವವರನ್ನು ಹುಡುಕಬೇಕು ಅಂತ ವಾಟ್ಸಾಪಿನಲ್ಲಿ ಗದ್ದಲ ಎಬ್ಬಿಸುವವರು ಇದ್ದಾರೆ. ನಮ್ಮ ದೇಶದ ಡೆಂಗೆ ಮಾರ್ಗಸೂಚಿ ಹೇಳುವುದೇ ಬೇರೆ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಏರಿಸುವ ಮಾತೇ ಬರುವುದಿಲ್ಲ. ರಕ್ತಸ್ರಾವ ಇದ್ದರೆ ವಿಷಯ ಬೇರೆ, ಅದನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ.

ಹಾಸನದ ಹುಡುಗಿಯೊಬ್ಬಳಿಗೆ ಬರೀ ಶೀತ, ಸಣ್ಣ ಜ್ವರ. ಬೇರೆ ಕಡೆ ಮಾಡಿಸಿದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 42,000. ಅವಳು ನೋಡಿದರೆ ದೋಸೆ ತಿಂದುಕೊಂಡು ಆರಾಮಾಗಿ ಕೂತಿದ್ದಾಳೆ! ಡಾಕ್ಟರಿಗೂ ಸಂಶಯ ಬಂತು, ಇಲ್ಲಿ ಮತ್ತೆ ಮಾಡಿಸಲು ಹೇಳಿದರು. ಇಲ್ಲಿ ಮಶೀನಿನಲ್ಲಿ ಮತ್ತೂ ಕಡಿಮೆಯೇ ಬಂತು. ಆದರೆ ಇವರು ಅದನ್ನು ಹಾಗೇ ಪ್ರಿಂಟ್ ಮಾಡಿ ಕೊಡಲಿಲ್ಲ. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತ ಇಡಿಟಿಎ ಸೇರಿದ ಮೇಲೆ ಟ್ಯೂಬಿನೊಳಗೇ ಹಾಗೆ ಅಂಟಿಕೊಳ್ಳುತ್ತದಂತೆ. ದೇಹದೊಳಗೆ ಏನೂ ಆಗಿರುವುದಿಲ್ಲ. ತಿಳಿ ನೀಲಿ ಮುಚ್ಚಳದ ಟ್ಯೂಬಿನಲ್ಲಿ, ಅಂದರೆ ಸಿಟ್ರೇಟ್ ಇರುವುದರಲ್ಲಿ, ಮತ್ತೆ ರಕ್ತ ತೆಗೆದು ಎಣಿಸಿದರು. 1.7 ಲಕ್ಷ! ಎರಡನೇ ಟ್ಯೂಬಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನು ಮುಂದೆ ಎಲ್ಲಿ ರಕ್ತ ಕೊಟ್ಟರೂ ಇದನ್ನು ಹೇಳು ಅಂತ ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಅವಳು ಅದನ್ನು ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಿದ್ದಾಳೆ.

ಇವರ ಇನ್ನೊಂದು ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಒಂದೇ ಜ್ವರಕ್ಕೆ ಎರಡನೇ ಸಲ ಹೋದರೆ ಹಳೇ ಅಂಕಿಗಳನ್ನೂ ಪಕ್ಕದ ಕಾಲಮಿನಲ್ಲಿ ಹಾಕಿ ಕೊಡುತ್ತಾರೆ. ಮೂರನೇ ದಿನದ್ದು, ನಾಲ್ಕನೇ ದಿನದ್ದು, ಐದನೇ ದಿನದ್ದು ಒಂದೇ ಹಾಳೆಯಲ್ಲಿ. ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ, ಕೊನೆಯ ಬ್ಯಾಲೆನ್ಸ್ ಒಂದೇ ನೋಡಿದರೆ ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯುವುದಿಲ್ಲ. ಇದಕ್ಕೇ ನಾನು ಒಂದು ಜ್ವರ ಮುಗಿಯುವವರೆಗೆ ಲ್ಯಾಬ್ ಬದಲಾಯಿಸುವುದಿಲ್ಲ. ಮಶೀನಿನಿಂದ ಮಶೀನಿಗೆ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಮಾಡಿಸಿ "ಹತ್ತು ಸಾವಿರ ಇಳಿಯಿತು" ಅಂತ ಅತ್ತರೆ ಅರ್ಥ ಇಲ್ಲ.

ಪಕ್ಕಪಕ್ಕದ ಕಾಲಮ್ ಎಂತ ಮಾಡುತ್ತದೆ ಅಂತ ನಾನು ಎರಡು ಹುಡುಗಿಯರಲ್ಲಿ ನೋಡಿದೆ. ಇಬ್ಬರೂ ಒಂದೇ ರೂಮು, ಇಬ್ಬರಿಗೂ ಡೆಂಗೆ ಪಾಸಿಟಿವ್. ಒಬ್ಬಳ ಪ್ಲೇಟ್‌ಲೆಟ್ 61,000ಕ್ಕೆ ಇಳಿದಿತ್ತು. ಇನ್ನೊಬ್ಬಳದು 88,000. ನಾನು 61,000ದವಳನ್ನೇ ಅಡ್ಮಿಟ್ ಮಾಡುತ್ತಾರೆ ಅಂತ ಬ್ಯಾಗ್ ರೆಡಿ ಮಾಡಿಸಿದ್ದೆ. ಡಾಕ್ಟರ್ ಅಡ್ಮಿಟ್ ಮಾಡಿದ್ದು 88,000ದವಳನ್ನು! ಅವರು ಬೆರಳಿಟ್ಟು ತೋರಿಸಿದ್ದು ಪ್ಲೇಟ್‌ಲೆಟ್ ಸಾಲನ್ನಲ್ಲ, ಮೇಲಿದ್ದ ಪಿಸಿವಿ ಅನ್ನುವ ಸಾಲನ್ನು. ಕೆಲವು ರಿಪೋರ್ಟಿನಲ್ಲಿ ಅದಕ್ಕೆ ಹೆಮಟೋಕ್ರಿಟ್ ಅಂತ ಇರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು, ನೀರಿನ ಪಾಲು ಎಷ್ಟು ಅಂತ ಅದು ಹೇಳುತ್ತದೆ. 61,000ದವಳದು 38 ಇದ್ದದ್ದು 39 ಆಗಿತ್ತು, ಅಷ್ಟೇ. ಇವಳದು 35ರಿಂದ 42ಕ್ಕೆ ಹತ್ತಿತ್ತು. ಅಂದರೆ 20 ಶೇಕಡಾ ಏರಿಕೆ. ಡೆಂಗೆಯಲ್ಲಿ ಕೆಲವರಿಗೆ ರಕ್ತನಾಳದಿಂದ ನೀರಿನ ಅಂಶ ಹೊರಗೆ ಸೋರಿಹೋಗುತ್ತದೆ. ಉಳಿದ ರಕ್ತ ದಪ್ಪವಾಗುತ್ತದೆ, ಪಿಸಿವಿ ಏರುತ್ತದೆ. ಬಿಪಿ ಬಿದ್ದು ಜೀವಕ್ಕೆ ಅಪಾಯ ಆಗುವುದು ಹೆಚ್ಚಾಗಿ ಈ ಸೋರಿಕೆಯಿಂದ. 42 ಅನ್ನುವ ಅಂಕಿ ಒಂದೇ ನೋಡಿದರೆ ನಾರ್ಮಲ್ ಒಳಗೇ ಇತ್ತು. ಪಕ್ಕದಲ್ಲಿ 35 ಇದ್ದ ಕಾರಣ ಸಿಕ್ಕಿಬಿತ್ತು.

ಇನ್ನೊಂದು ವಿಷಯ. ಅವತ್ತು ಆ 88,000ದವಳಿಗೆ ಜ್ವರ ಬಿಟ್ಟಿತ್ತು. ಬೆಳಿಗ್ಗೆ ಥರ್ಮಾಮೀಟರ್ ಇಟ್ಟಾಗ 98.4. "ಆಂಟಿ, ಹುಷಾರಾದೆ" ಅಂತ ಅವಳೇ ಹೇಳಿದ್ದಳು. ಹೊಟ್ಟೆನೋವು ಮಾತ್ರ ಇತ್ತು. ಡೆಂಗೆಯಲ್ಲಿ ಕಷ್ಟದ ಹೊತ್ತು ಬರುವುದೇ ಜ್ವರ ಇಳಿಯುವಾಗ, ಮೂರರಿಂದ ಏಳನೇ ದಿನದೊಳಗೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಮಂಪರು, ಮೂತ್ರ ಕಡಿಮೆ ಆಗುವುದು, ಕೈಕಾಲು ತಣ್ಣಗಾಗುವುದು, ಇದರಲ್ಲಿ ಒಂದು ಕಂಡರೂ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹುಡುಗಿ ಸಲೈನ್ ಹಾಕಿಸಿಕೊಂಡು ಚೆನ್ನಾಗಿಯೇ ವಾಪಸು ಬಂದಳು. 61,000ದವಳು ಪಿಜಿಯಲ್ಲೇ ಸೀಯಾಳ, ಗಂಜಿ ತಿಳಿ, ಓಆರ್‌ಎಸ್ ಕುಡಿದುಕೊಂಡು, ದಿನಾ ರಕ್ತ ಪರೀಕ್ಷೆ ಮಾಡಿಸಿಕೊಂಡು ಗುಣವಾದಳು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಮೆಡಿಕಲ್‌ನಿಂದ ಬ್ರೂಫೆನ್, ಆಸ್ಪಿರಿನ್ ತಂದು ನುಂಗಬಾರದು. ಅವು ರಕ್ತಸ್ರಾವ ಜಾಸ್ತಿ ಮಾಡಬಹುದು.

ಗುಣವಾಗುವಾಗಲೂ ಒಂದು ಕ್ರಮ ಉಂಟು. ಬಿಳಿ ರಕ್ತಕಣ ಮೊದಲು ಏರುತ್ತದೆ, ಪ್ಲೇಟ್‌ಲೆಟ್ ಆಮೇಲೆ. ಪಪ್ಪಾಯಿ ಎಲೆಯ ರಸ ಕುಡಿಸಿದ್ದಕ್ಕೇ ಏರಿತು ಅನ್ನುವವರಿಗೆ ನಾನು ಎದುರು ಹೇಳುವುದಿಲ್ಲ, ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ನಮ್ಮ ಪಿಜಿಯಲ್ಲಿ ಅದು ಬಂದ್. ಆ ಕಹಿಗೆ ಹುಡುಗಿಯರು ವಾಂತಿ ಮಾಡುತ್ತಾರೆ. ವಾಂತಿ ರಸದಿಂದಲೋ, ಕಾಯಿಲೆ ಜೋರಾದದ್ದರಿಂದಲೋ ಅಂತ ಡಾಕ್ಟರ್ ಕೇಳಿದರೆ ನಾನು ಎಂತ ಹೇಳುವುದು? ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ಬೇರೆ. ಅದನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತೇನೆ, ದಾವಣಗೆರೆಯವರ ಮುಖ ನೋಡಲಿಕ್ಕಾದರೂ.

ಬಿಳಿ ರಕ್ತಕಣ ಅಂದೆ. ಟೋಟಲ್ ಕೌಂಟ್ ಅಥವಾ ಡಬ್ಲ್ಯೂಬಿಸಿ ಅಂತ ಬರೆದಿರುತ್ತದೆ. 4,000ದಿಂದ 11,000 ಮಾಮೂಲಿ. ಸಿಎ ಓದುವ ಹುಡುಗಿ ಒಬ್ಬಳಿಗೆ ಅದು 3,000 ಬಂತು. ಲಿಂಫೋಸೈಟ್ (ಬಿಳಿ ರಕ್ತಕಣದಲ್ಲೇ ಒಂದು ಬಗೆ) 55 ಶೇಕಡಾ, ಪಕ್ಕದಲ್ಲಿ ದೊಡ್ಡ ಕೆಂಪು ಬಾಣ. ಇದೂ ಅದೇ ಮನೆಗೆ ಬರುವ ಕಂಪನಿಯ ರಿಪೋರ್ಟ್. ರಾತ್ರಿ ಮೊಬೈಲಿಗೆ ಬಂತು, ಇಂಟರ್‌ನೆಟ್ಟಿನಲ್ಲಿ ಹುಡುಕಿದಳು, ಬ್ಲಡ್ ಕ್ಯಾನ್ಸರ್ ಅಂತ ತೀರ್ಮಾನ ಮಾಡಿಕೊಂಡು ಇಡೀ ರಾತ್ರಿ ರೂಮ್‌ಮೇಟ್‌ಗಳನ್ನೂ ಅಳಿಸಿದಳು. ಬೆಳಿಗ್ಗೆ ನಾನು ಕ್ಯಾಲ್ಕುಲೇಟರ್ ಕೊಟ್ಟೆ. 3,000ಕ್ಕೆ 55 ಶೇಕಡಾ ಎಷ್ಟು? 1,650. ಅಷ್ಟು ಲಿಂಫೋಸೈಟ್ ಇರುವುದು ಮಾಮೂಲಿ. ಒಟ್ಟು ಕಡಿಮೆಯಾದಾಗ, ಅದರಲ್ಲೂ ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಬಗೆ ಇಳಿದಾಗ, ಉಳಿದದ್ದರ ಶೇಕಡಾ ತಾನೇ ಮೇಲೆ ಹೋಗುತ್ತದೆ. ಬ್ಯಾಲೆನ್ಸ್ ಶೀಟ್ ಓದುವವಳಿಗೆ ಇದು ಕೂಡಲೇ ತಲೆಗೆ ಹೋಯಿತು. ವೈರಸ್ ಜ್ವರದಲ್ಲಿ ಟೋಟಲ್ ಕೌಂಟ್ ಇಳಿಯುವುದು ಸಾಮಾನ್ಯ, ಡೆಂಗೆಯಲ್ಲಂತೂ ಪ್ಲೇಟ್‌ಲೆಟ್‌ಗಿಂತ ಮೊದಲೇ ಇಳಿಯುತ್ತದೆ.

ಆ ಕೆಂಪು ಬಾಣಗಳ ಬಗ್ಗೆ ಲ್ಯಾಬಿನ ಪೆಥಾಲಜಿ ಡಾಕ್ಟರ್ ನನಗೊಮ್ಮೆ ಹೇಳಿದ್ದರು. ಆರೋಗ್ಯವಂತರ ರಕ್ತ ತೆಗೆದು ನೋಡಿ, ಅದರಲ್ಲಿ 95 ಶೇಕಡಾ ಜನರ ಅಂಕಿ ಎಲ್ಲಿಂದ ಎಲ್ಲಿಗೆ ಬರುತ್ತದೋ ಅದನ್ನೇ ನಾರ್ಮಲ್ ಅಂತ ಇಡುತ್ತಾರೆ. ಹಾಗಾದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರು ಒಂದೊಂದು ಪರೀಕ್ಷೆಯಲ್ಲೂ ಗೆರೆಯ ಹೊರಗೆ ಬೀಳುತ್ತಾರೆ. ಎಪ್ಪತ್ತು ಎಂಬತ್ತು ಪರೀಕ್ಷೆಯ ಪ್ಯಾಕೇಜ್ ಮಾಡಿಸಿದರೆ ಎಲ್ಲೋ ಒಂದು ಕಡೆ ಬಾಣ ಬಂದೇ ಬರುತ್ತದೆ. ಆ ಕಂಪನಿಯ "ಫೀವರ್ ಪ್ಯಾಕೇಜ್"ನಲ್ಲಿ ಥೈರಾಯ್ಡ್, ಕೊಲೆಸ್ಟರಾಲ್, ವಿಟಮಿನ್ ಡಿ ಎಲ್ಲ ಇತ್ತು. ಜ್ವರಕ್ಕೂ ಕೊಲೆಸ್ಟರಾಲಿಗೂ ಎಂತ ಸಂಬಂಧ? ಅಷ್ಟೆಲ್ಲ ಇದ್ದು ಮಲೇರಿಯಾ ಸ್ಮಿಯರ್, ಅಂದರೆ ರಕ್ತವನ್ನು ಸ್ಲೈಡಿಗೆ ಸವರಿ ನೋಡುವ ಪರೀಕ್ಷೆ, ಇರಲಿಲ್ಲ!

ಮಂಗಳೂರಿನಲ್ಲಿ ಮಲೇರಿಯಾ ಬಿಟ್ಟು ಜ್ವರದ ಪ್ಯಾಕೇಜಾ? ಈ ಊರು ದಶಕಗಳಿಂದ ಮಲೇರಿಯಾಗೆ ಹೆಸರಾದದ್ದು. ಕಟ್ಟುತ್ತಿರುವ ಕಟ್ಟಡದಲ್ಲಿ ನಿಂತ ನೀರು, ಮುಚ್ಚದ ಟ್ಯಾಂಕ್, ಅದರಲ್ಲಿ ಅನಾಫಿಲಿಸ್ ಸೊಳ್ಳೆ. ಈಗ ಮೊದಲಿಗಿಂತ ಕಡಿಮೆಯಾಗಿದೆ, ಹೋಗಿಲ್ಲ. ಊರಿನವರು ಜ್ವರ ಅಂದರೆ ಮೊದಲು ಕೇಳುವುದು ಮಲೇರಿಯಾ, ಘಟ್ಟದ ಮೇಲಿನವರು ಕೇಳುವುದು ಡೆಂಗೆ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಚೆನ್ನಾಗಿಯೇ ಇಳಿಯುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಡೆಂಗೆ ಅಂತ ಹೇಳಲಾಗುವುದಿಲ್ಲ. ಈ ಲ್ಯಾಬಿನಲ್ಲಿ ಕಾರ್ಡ್ ಟೆಸ್ಟ್ ಮಾಡಿದರೂ ಸ್ಮಿಯರ್ ಬಿಡುವುದಿಲ್ಲ. ಒಂದೇ ಸ್ಲೈಡಿನಲ್ಲಿ ಒಂದು ದಪ್ಪ ಹನಿ, ಒಂದು ತೆಳು ಸವರಿಕೆ. ದಪ್ಪದರಲ್ಲಿ ಪರಾವಲಂಬಿ ಉಂಟಾ ಅಂತ ಹುಡುಕುವುದು, ತೆಳುವಿನಲ್ಲಿ ಅದು ಯಾವ ಜಾತಿ, ವೈವ್ಯಾಕ್ಸ್ ಅಥವಾ ಫಾಲ್ಸಿಪರಂ ಅಂತ ಗುರುತಿಸುವುದು. ಒಮ್ಮೆ ನೆಗೆಟಿವ್ ಬಂದರೂ ಚಳಿ ನಡುಕ ಮುಂದುವರಿದರೆ ಮರುದಿನ ಮತ್ತೆ ನೋಡಿಸಬೇಕು.

ಇಲ್ಲಿ ಸಿಗುವುದು ಹೆಚ್ಚಾಗಿ ವೈವ್ಯಾಕ್ಸ್. ಅದು ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದಕ್ಕೇ ರಕ್ತದಲ್ಲಿರುವುದಕ್ಕೆ ಕ್ಲೋರೋಕ್ವಿನ್ ಮಾತ್ರೆ ಮೂರು ದಿನ ಆದರೆ ಲಿವರಿನಲ್ಲಿ ಅಡಗಿದ್ದಕ್ಕೆ ಪ್ರೈಮಾಕ್ವಿನ್ 14 ದಿನ. ಜ್ವರ ಬಿಟ್ಟಿತು ಅಂತ ಐದನೇ ದಿನಕ್ಕೆ ಮಾತ್ರೆ ನಿಲ್ಲಿಸುವವರು ಬೇಕಾದಷ್ಟು. ಪ್ರೈಮಾಕ್ವಿನ್ ಮೊದಲು ಡಾಕ್ಟರ್ ಜಿ6ಪಿಡಿ ಪರೀಕ್ಷೆ ಬರೆದರೆ ಅದು ಅನಾವಶ್ಯಕ ಅಲ್ಲ, ಆ ಕಿಣ್ವ ಕಡಿಮೆ ಇರುವವರ ಕೆಂಪು ರಕ್ತಕಣ ಈ ಮಾತ್ರೆಗೆ ಒಡೆಯುತ್ತದೆ. ದುಡ್ಡಿಗೆ ಕಷ್ಟ ಇರುವವರಿಗೆ: ಮಲೇರಿಯಾ ಸ್ಮಿಯರ್ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಉಚಿತ. ಇದನ್ನು ಈ ಲ್ಯಾಬಿನ ಕೌಂಟರಿನವರೇ ಒಬ್ಬ ಕೂಲಿ ಕೆಲಸದವನಿಗೆ ಹೇಳಿ ಕಳಿಸಿದ್ದನ್ನು ನಾನು ನೋಡಿದ್ದೇನೆ.

ನಮ್ಮ ಅಡುಗೆಯ ಅಕ್ಕನಿಗೆ ಜ್ವರ ಬಂದಾಗ ರಿಪೋರ್ಟಿನ ಮುಖವೇ ಬೇರೆ. ಪ್ಲೇಟ್‌ಲೆಟ್ ಕಡಿಮೆ, ಆದರೆ ಟೋಟಲ್ ಕೌಂಟ್ 15,000 ದಾಟಿತ್ತು. ನ್ಯೂಟ್ರೋಫಿಲ್ 86 ಶೇಕಡಾ. ಕಣ್ಣು ಕೆಂಪು, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ರಕ್ತ ತೆಗೆಯುವ ಹುಡುಗಿಯೇ ಕೇಳಿದಳು, "ಅಕ್ಕ, ಗದ್ದೆಗೆ ಇಳಿದಿದ್ದೀರಾ?" ಹೌದು, ಮೂಡುಬಿದಿರೆ ಕಡೆ ಅವರ ಮನೆಯ ಗದ್ದೆ, ನೇಜಿ ನೆಡಲು ಹೋಗಿದ್ದರು. ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗಿ ಬರುವಂಥದ್ದು. ಪೆಥಾಲಜಿ ಡಾಕ್ಟರ್ ಅವತ್ತು ನಮ್ಮ ಡಾಕ್ಟರಿಗೆ ತಾವೇ ಫೋನ್ ಮಾಡಿದರು. ಕಿಡ್ನಿಗೆ ಕ್ರಿಯಾಟಿನಿನ್, ಲಿವರಿಗೆ ಬಿಲಿರುಬಿನ್ ಸೇರಿಸಿ ನೋಡಿದರು, ಎರಡೂ ಏರಿತ್ತು. ಇಲಿ ಜ್ವರದ ಐಜಿಎಂ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು, ಅದಕ್ಕೆ ಕಾಯುತ್ತಾ ಕೂರುವುದಿಲ್ಲ. ಡಾಕ್ಟರ್ ಅವತ್ತೇ ಅಡ್ಮಿಟ್ ಮಾಡಿಸಿ ಆಂಟಿಬಯಾಟಿಕ್ ಶುರು ಮಾಡಿಸಿದರು. ಜ್ವರ ಬಂದಾಗ ಗದ್ದೆ, ಕೆಸರು, ಕಾಲಿನ ಗಾಯದ ವಿಷಯ ಡಾಕ್ಟರಿಗೆ ಕೇಳದಿದ್ದರೂ ಹೇಳಿಬಿಡಿ.

ಟೈಫಾಯಿಡ್‌ಗೆ ಅಂತ ಮಾಡಿಸುವ ವೈಡಾಲ್ ಪರೀಕ್ಷೆ ಬಗ್ಗೆ ಎರಡು ಮಾತು. ಈ ಲ್ಯಾಬಿನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ, ಮುಖ ಮಾತ್ರ ಹುಳಿ ಮಾಡುತ್ತಾರೆ. ನಮ್ಮ ಊರುಗಳಲ್ಲಿ ಆರೋಗ್ಯವಂತರಿಗೂ ಅದರಲ್ಲಿ 1:80 ಅನ್ನುವ ಮಟ್ಟ ಬರುವುದುಂಟು, ಅದೊಂದನ್ನೇ ಹಿಡಿದು ಟೈಫಾಯಿಡ್ ಅನ್ನಲು ಆಗುವುದಿಲ್ಲ. ಟೈಫಾಯಿಡ್ ಅಂತ ನಿಜವಾಗಿ ಸಂಶಯ ಇದ್ದರೆ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ನುಂಗುವ ಮೊದಲು, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಒಳ್ಳೆಯದು. ಇಲ್ಲೇ ಈ ಲ್ಯಾಬಿನ ದೊಡ್ಡ ಕೊರತೆ. ಕಲ್ಚರ್ ಇವರಲ್ಲಿ ಇಲ್ಲ, ಹೊರಗೆ ಕಳಿಸುತ್ತಾರೆ. ಮಧ್ಯಾಹ್ನದ ಮೇಲೆ ಕೊಟ್ಟರೆ ಬಾಟಲಿ ಹೋಗುವುದು ಮರುದಿನ. ಅಂಥ ಸಂದರ್ಭದಲ್ಲಿ ನಾನು ನೇರ ಆಸ್ಪತ್ರೆಯ ಲ್ಯಾಬಿಗೇ ಹೋಗುತ್ತೇನೆ.

ಸಿಆರ್‌ಪಿ, ಇಎಸ್ಆರ್ ಎರಡೂ ಉರಿಯೂತದ ಅಳತೆ. ಸಿಆರ್‌ಪಿ ಬೇಗ ಏರಿ ಬೇಗ ಇಳಿಯುತ್ತದೆ. ಇಎಸ್ಆರ್ ನಿಧಾನ, ಜ್ವರ ಹೋದ ಮೇಲೂ ಕೆಲವು ವಾರ ಮೇಲೇ ಇರಬಹುದು. ರಕ್ತಹೀನತೆ ಇದ್ದರೂ ಇಎಸ್ಆರ್ ಏರುತ್ತದೆ, ಪಿಜಿ ಹುಡುಗಿಯರಲ್ಲಿ ಅದೇ ಕಥೆ. ಡೆಂಗೆ ಅಂತ ಮಾಡಿಸಿದ ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ತಿ ಎಣಿಕೆ) ಹಿಮೋಗ್ಲೋಬಿನ್ 9.2, ಎಂಸಿವಿ (ಕೆಂಪು ಕಣದ ಗಾತ್ರ) 68, ಎರಡೂ ಕಡಿಮೆ ಅಂತ ಬಂದವಳ ಪ್ಲೇಟ್‌ಲೆಟ್ ವಾರದಲ್ಲಿ ಸರಿಯಾಯಿತು. ಅಮ್ಮ ಅಪ್ಪ ನಿಶ್ಚಿಂತರಾದರು. ಆ 9.2ನ್ನು ಯಾರೂ ಕೇಳಲಿಲ್ಲ! ಬೆಳಗಿನ ತಿಂಡಿ ಬಿಟ್ಟು ಚಹಾ ಕುಡಿದು ಓಡುವವರು ಇವರು. ಡಾಕ್ಟರ್ ಮುಂದೆ ನಾನೇ ಆ ಸಾಲನ್ನು ತೋರಿಸಿದೆ, ಕಬ್ಬಿಣದ ಮಾತ್ರೆ ಬರೆದರು. ಲಿವರಿನ ಅಂಕಿಗಳಾದ ಎಸ್‌ಜಿಓಟಿ, ಎಸ್‌ಜಿಪಿಟಿ ಡೆಂಗೆಯಲ್ಲಿ ಏರುವುದು ಸಾಮಾನ್ಯ, ಹೆಚ್ಚಿನವರಲ್ಲಿ ತಾನೇ ಇಳಿಯುತ್ತದೆ.

ಇನ್ನು ಹೋಗುವವರಿಗೆ ಬೇಕಾದ ಮಾಹಿತಿ. ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಸಿಬಿಸಿ, ಮಲೇರಿಯಾ, ಡೆಂಗೆಗೆ ಖಾಲಿ ಹೊಟ್ಟೆ ಬೇಡ, ಹುಡುಗಿಯರನ್ನು ಉಪವಾಸ ಕರೆದುಕೊಂಡು ಹೋಗಿ ಮೆಟ್ಟಿಲಲ್ಲಿ ತಲೆ ತಿರುಗಿಸಬೇಡಿ. ಎಂಟರೊಳಗೆ ಕೊಟ್ಟರೆ ಸಿಬಿಸಿ ಹನ್ನೊಂದಕ್ಕೆ ಕೈಗೆ ಬರುತ್ತದೆ, ಸಿಬಿಸಿಗೆ ಮುನ್ನೂರರ ಒಳಗೆ. ವಾಟ್ಸಾಪಿಗೆ ಕಳಿಸುವುದು ಮೊಬೈಲಿನಲ್ಲಿ ಹೊಡೆದ ಫೋಟೋ, ಒಮ್ಮೊಮ್ಮೆ ಕೊನೆಯ ಸಾಲು ಕತ್ತರಿಸಿ ಹೋಗಿರುತ್ತದೆ. ಸ್ಮಿಯರ್ ಬಗ್ಗೆ ಬರೆಯುವುದು ಆ ಕೊನೆಯ ಸಾಲಿನಲ್ಲೇ, ಹಾಗಾಗಿ ಕಾಗದದ ಪ್ರತಿ ತೆಗೆದುಕೊಳ್ಳಿ. ಅಂಕಿ ತೀರಾ ಹೆಚ್ಚುಕಡಿಮೆ ಇದ್ದರೆ ರಿಪೋರ್ಟ್ ತರಲು ನೀವು ಹೋಗುವ ಮೊದಲೇ ಅವರಿಂದ ಫೋನ್ ಬರುತ್ತದೆ, ನಂಬರ್ ಸರಿಯಾಗಿ ಬರೆಸಿ. ಪೆಥಾಲಜಿ ಡಾಕ್ಟರ್ ಸಂಜೆ ಐದರ ಮೇಲೆ ಸಿಗುತ್ತಾರೆ. ಔಷಧಿ ಕೇಳಿದರೆ ಹೇಳುವುದಿಲ್ಲ, ನಿಮ್ಮ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಾರೆ. ಯಾವ ಸಾಲಿಗೆ ಎಂತ ಅರ್ಥ ಅಂತ ಕೇಳಿದರೆ ಪೆನ್ನು ತೆಗೆದು ವಿವರಿಸುತ್ತಾರೆ. ಭಾನುವಾರ ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ. ಸ್ಕೂಟರ್ ನಿಲ್ಲಿಸಲು ಕೆಳಗೆ ಜಾಗ ಉಂಟು, ಕಾರಿಗೆ ಇಲ್ಲ.